ಇನ್ನೊಂದೇ ಆಟ

'ಇನ್ನೊಂದೇ ಆಟ' ಎಂಬುದು ನಮ್ಮ ಕಾಲದ ಅತ್ಯಂತ ಪ್ರಾಮಾಣಿಕವಾದ ಸುಳ್ಳು. ಹಾಗೆ ಹೇಳುವವನು ಮೋಸಮಾಡುವ ಉದ್ದೇಶದಿಂದ ಹೇಳುವುದಿಲ್ಲ. ಹೇಳುವ ಗಳಿಗೆಯಲ್ಲಿ ತನ್ನ ಮಾತನ್ನು ತಾನೇ ಮನಸಾರೆ ನಂಬಿರುತ್ತಾನೆ. ಸಾಲಗಾರನ 'ನಾಳೆ', ದರ್ಜಿಯ 'ಸಂಜೆಗೆ' ಎಂಬ ಮಾತುಗಳ ಪಂಕ್ತಿಯಲ್ಲಿ ಇದನ್ನು ಕೂರಿಸುವುದು ಅನ್ಯಾಯವೇ ಸರಿ. ಆ ಇಬ್ಬರಿಗೂ ತಮ್ಮ ಮಾತಿನ ಬೆಲೆ ಚೆನ್ನಾಗಿ ಗೊತ್ತು. ಮೊಬೈಲಿನಲ್ಲಿ ಆಟವಾಡುವವನಿಗೆ ಗೊತ್ತಿಲ್ಲ.

ನಮ್ಮ ಯಮಕನಮರಡಿ ಹುಕ್ಕೇರಿ ತಾಲೂಕಿನ ಊರು. ಹೆಸರು ಕೇಳಿದೊಡನೆ ಯಮನನ್ನು ನೆನೆದು ಬೆಚ್ಚುವ ಮೈಸೂರು ಸೀಮೆಯ ಸ್ನೇಹಿತರು ನನಗುಂಟು. 'ಹೆದರಬೇಡಿರಿ, ಆತನೂ ಇಲ್ಲಿಗೆ ಬರಬೇಕಾದರೆ ಬಸ್ಸಿಗಾಗಿ ಕಾಯಲೇಬೇಕು' ಎಂದು ನಾನು ಅವರಿಗೆ ಧೈರ್ಯ ಹೇಳುತ್ತೇನೆ. ಆ ಬಸ್ಸು ಕಾಯುವ ಸ್ಥಳದಲ್ಲಿ ಅರ್ಧ ತಾಸು ಕುಳಿತರೆ ಸಾಕು, ಈ ಪ್ರಬಂಧಕ್ಕೆ ಬೇಕಾದ ಸಾಮಗ್ರಿಯೆಲ್ಲ ಕಣ್ಣೆದುರಿಗೆ ಬರುತ್ತದೆ. ಬೆಳಗಾವಿಯ ಕಾಲೇಜಿಗೆ ಹೊರಟ ಹುಡುಗಿ, ಸಂಕೇಶ್ವರದ ಪೇಟೆಗೆ ಹೊರಟ ವ್ಯಾಪಾರಿ, ಕಬ್ಬಿನ ಬಿಲ್ಲಿನ ಚಿಂತೆಯಲ್ಲಿರುವ ರೈತ, ಎಲ್ಲರ ತಲೆಯೂ ಒಂದೇ ಕೋನದಲ್ಲಿ ಬಾಗಿರುತ್ತದೆ. ತಲೆ ಬಗ್ಗಿಸಿದವರನ್ನು ಕಂಡರೆ ಹಿಂದಿನಿಂದ ಹೋಗಿ ಇಣುಕುವುದು ಮೂವತ್ತೆರಡು ವರ್ಷಗಳ ಮಾಸ್ತರಿಕೆ ನನಗೆ ಅಂಟಿಸಿದ ಚಟ. ಹಾಗೆ ಇಣುಕಿದಾಗ ಕಾಣುವುದೇನು? ನಿನ್ನೆ ಆಡಿದ ಆಟವನ್ನೇ ಅವರು ಇಂದೂ ಆಡುತ್ತಿರುತ್ತಾರೆ. ನಾಳೆಯೂ ಅದನ್ನೇ ಆಡುವರು.

ಇದು ಸೋಜಿಗದ ಸಂಗತಿಯಲ್ಲವೆ? ಈ ಪತ್ರಿಕೆಯ ಧಾರಾವಾಹಿಗಾಗಿ ವಾರವಿಡೀ ಹಂಬಲಿಸುವ ವಾಚಕರು ಕಳೆದ ವಾರದ ಕಂತನ್ನು ಹತ್ತು ಸಲ ಓದುವುದಿಲ್ಲ. ನಾಯಕಿ ಬಾಗಿಲು ತೆರೆದಳೋ ಇಲ್ಲವೋ ಎಂಬುದು ತಿಳಿದೊಡನೆ ಆ ಕಂತಿನ ಕೆಲಸ ಮುಗಿಯಿತು. ಕಥೆ ನಮ್ಮನ್ನು 'ಮುಂದೇನು?' ಎಂದು ಎಳೆಯುತ್ತದೆ. ಆಟ ಎಳೆಯುವ ರೀತಿಯೇ ಬೇರೆ. ಅದರಲ್ಲಿ ಮುಂದೇನೆಂಬುದು ಎಲ್ಲರಿಗೂ ಗೊತ್ತು, ಮುಂದೆ ಸೋಲು. ಆದರೂ ಬಿಡುವುದಿಲ್ಲ.

ಬಿಡದಿರುವ ಗುಟ್ಟನ್ನು ತಿಳಿಯಬೇಕಾದರೆ ಇಂದಿನ ಬಣ್ಣಬಣ್ಣದ ಆಟಗಳನ್ನು ಬಿಟ್ಟು ಹಾವಿನ ಆಟಕ್ಕೆ ಹೋಗಬೇಕು. 1997ರಲ್ಲಿ ಫಿನ್ಲೆಂಡಿನ ನೋಕಿಯಾ ಸಂಸ್ಥೆಯ ಎಂಜಿನಿಯರ್ ತಾನೆಲಿ ಅರ್ಮಾಂಟೊ ಅದನ್ನು 6110 ಎಂಬ ಮಾದರಿಯ ಫೋನಿಗಾಗಿ ಸಿದ್ಧಪಡಿಸಿದ. ಅದರ ಬೀಜ ಇನ್ನೂ ಹಳೆಯದು; 1976ರಲ್ಲಿಯೇ 'ಬ್ಲಾಕೇಡ್' ಎಂಬ ಹೆಸರಿನಲ್ಲಿ ಅಮೆರಿಕೆಯ ಆಟದಂಗಡಿಗಳಲ್ಲಿ ಅಂಥದೊಂದು ಆಟವಿತ್ತು. ನಮ್ಮ ಕಡೆಯ ಹಳ್ಳಿಗಳಿಗೆ ಹಾವನ್ನು ತಂದದ್ದು ಮಾತ್ರ 2003ರಲ್ಲಿ ಬಂದ 1100 ಎಂಬ ಫೋನು. ಜಗತ್ತಿನಲ್ಲಿ 25 ಕೋಟಿಯಷ್ಟು ಮಾರಾಟವಾದ ಆ ಫೋನಿನ ನೆತ್ತಿಯ ಮೇಲೊಂದು ಬ್ಯಾಟರಿ ದೀಪವಿತ್ತು. ನಡುರಾತ್ರಿ ಕರೆಂಟು ಬಂದಾಗ ಕಬ್ಬಿನ ಹೊಲದ ಮೋಟರು ಹಚ್ಚಲು ಹೋಗುವ ರೈತನಿಗೆ ಆ ದೀಪ ನಿಜವಾದ ಹಾವನ್ನು ತೋರಿಸುತ್ತಿತ್ತು. ಮನೆಯಲ್ಲಿ ಅವನ ಮಗನಿಗೆ ಅದೇ ಫೋನು ಇನ್ನೊಂದು ಹಾವನ್ನು ತೋರಿಸುತ್ತಿತ್ತು.

ಆಟವನ್ನು ಕಲಿಯಲು ಒಂದು ನಿಮಿಷ ಹೆಚ್ಚು. ನಾಲ್ಕು ದಿಕ್ಕು, ಒಂದು ಹಾವು, ಅಲ್ಲೊಂದು ಇಲ್ಲೊಂದು ಕಾಳು. ತಿಂದಷ್ಟೂ ಹಾವು ಉದ್ದವಾಗುತ್ತದೆ. ಉದ್ದವಾದಷ್ಟೂ ಓಡಾಡಲು ಜಾಗ ಸಾಲದೆ ಬರುತ್ತದೆ. ಕಡೆಗೊಮ್ಮೆ ತನ್ನ ಬಾಲವನ್ನು ತಾನೇ ಮುಟ್ಟಿ ಸಾಯುತ್ತದೆ. ಇಲ್ಲಿ ಶತ್ರುವೆಂಬವನಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಬೆನ್ನಟ್ಟುವ ಹದ್ದಿಲ್ಲ, ಬಡಿಗೆ ಹಿಡಿದ ಹಾವಾಡಿಗನಿಲ್ಲ. ಗಳಿಸಿದ್ದೇ ಅಡ್ಡವಾಗುತ್ತದೆ. ಆದುದರಿಂದ ಸೋತವನು ಯಾರನ್ನೂ ದೂರುವಂತಿಲ್ಲ. ಆದರೆ ಅವನಿಗೆ ನಿರಾಶೆಯೂ ಆಗುವುದಿಲ್ಲ. 'ಅರೆಗಳಿಗೆ ಮೊದಲೇ ತಿರುಗಿಸಿದ್ದರೆ!' ಎಂದು ಅವನಿಗೆ ಅನ್ನಿಸುತ್ತದೆ. ಈ 'ಅರೆಗಳಿಗೆ' ಎಂಬುದೇ ಮುಂದಿನ ಆಟದ ಮೊದಲ ಹೆಜ್ಜೆ. ಆಟವು ಅನ್ಯಾಯವಾಗಿ ಕೊಂದಿದ್ದರೆ ಅವನು ಫೋನನ್ನು ಜೇಬಿಗಿಡುತ್ತಿದ್ದ. ಸುಲಭವಾಗಿ ಗೆಲ್ಲಿಸಿದ್ದರೆ ನಿದ್ದೆ ಹೋಗುತ್ತಿದ್ದ.

ಮತ್ತೊಂದು ಸಂಗತಿ, ಮರಳಿ ಆರಂಭಿಸಲು ತೆರಬೇಕಾದ ಬೆಲೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ತಪ್ಪಿದ ಹುಡುಗ ಮರುಪರೀಕ್ಷೆಗಾಗಿ ಕಾಯಬೇಕು, ತಂದೆಯ ಮುಖ ನೋಡಬೇಕು, ನೆರೆಯವರ ಮರುಕವನ್ನು ಸಹಿಸಬೇಕು. ಕಬ್ಬು ಕೆಟ್ಟರೆ ಒಂದು ವರ್ಷ ಹೋಯಿತು. ಮಗಳನ್ನು ಕೊಟ್ಟ ಮನೆ ಕೆಟ್ಟದಾದರೆ ಒಂದು ಜನ್ಮವೇ ಹೋಯಿತು. ನಮ್ಮ ಲೋಕದಲ್ಲಿ ಎರಡನೆಯ ಅವಕಾಶವೆಂಬುದು ಇಷ್ಟು ತುಟ್ಟಿ. ಫೋನಿನಲ್ಲಿ ಅದು ಒಂದು ಗುಂಡಿಯಷ್ಟು ದೂರ. ಒತ್ತಿದೊಡನೆ ಹಳೆಯ ಸೋಲಿನ ಗುರುತೂ ಉಳಿಯುವುದಿಲ್ಲ, ನೋಡಿ ನಗುವವರೂ ಇಲ್ಲ. ಹುಡುಗರು ಆಟದಲ್ಲಿ ಕಾಲ ಕಳೆಯುತ್ತಾರೆಂದು ಬೈಯುವ ಹಿರಿಯರು, ತಾವು ಅವರಿಗೆ ಬೇರೆಲ್ಲಿಯಾದರೂ ಇಷ್ಟು ಔದಾರ್ಯ ತೋರಿಸಿದ್ದುಂಟೇ ಎಂದು ಯೋಚಿಸಬೇಕು.

ಮೂರನೆಯದು ಅದೃಷ್ಟದ ಬೆರಕೆ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸೈ ಪಾಜಿಟ್ನೋವ್ ರಚಿಸಿದ ಟೆಟ್ರಿಸ್ ಆಟದಲ್ಲಿ ಮೇಲಿನಿಂದ ಬೀಳುವ ಆಕಾರಗಳು ಏಳೇ. ಒಂದೊಂದರಲ್ಲಿಯೂ ನಾಲ್ಕು ಚೌಕ. ನಮ್ಮ ಕಡೆಯ ಗೌಂಡಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಸಂದಿಲ್ಲದಂತೆ ಕಲ್ಲು ಕೂರಿಸುವ ಕೆಲಸ ಅದು. ಯಾವ ಕಲ್ಲು ಯಾವಾಗ ಬರುವುದೆಂಬುದು ನಮ್ಮ ಕೈಯಲ್ಲಿಲ್ಲ. ಬಂದದ್ದನ್ನು ಎಲ್ಲಿಡುವುದೆಂಬುದು ಕೈಯಲ್ಲಿದೆ. 2014ರ ಮಾರ್ಚಿನಲ್ಲಿ ಗೇಬ್ರಿಯೆಲೆ ಚಿರುಲ್ಲಿ ಎಂಬ 19 ವರ್ಷದ ಇಟಲಿಯ ತರುಣ ಒಂದು ವಾರಾಂತ್ಯದಲ್ಲಿ ಮಾಡಿಮುಗಿಸಿದ '2048' ಎಂಬ ಆಟವೂ ಇದೇ ಜಾತಿಯದು. ಎರಡನ್ನು ಎರಡಕ್ಕೆ ಕೂಡಿಸಿ ನಾಲ್ಕು, ನಾಲ್ಕನ್ನು ನಾಲ್ಕಕ್ಕೆ ಕೂಡಿಸಿ ಎಂಟು, ಹೀಗೆ 2048ರವರೆಗೆ ಏರಬೇಕು. ಪ್ರತಿ ಸಲವೂ ಹೊಸ ಅಂಕಿಯೊಂದು ಖಾಲಿ ಮನೆಯೊಂದರಲ್ಲಿ ತಾನಾಗಿ ಬಂದು ಕೂರುತ್ತದೆ. ಅದು ಹೆಚ್ಚಾಗಿ ಎರಡು, ಎಲ್ಲೋ ಒಮ್ಮೆ ನಾಲ್ಕು. ಬರಿಯ ಅದೃಷ್ಟವಾದರೆ ಬುದ್ಧಿಗೆ ಕೆಲಸವಿಲ್ಲ, ಬರಿಯ ಬುದ್ಧಿಯಾದರೆ ಒಮ್ಮೆ ದಾರಿ ತಿಳಿದ ಮೇಲೆ ಆಟವೇ ಇಲ್ಲ. ಎರಡೂ ಹದವಾಗಿ ಬೆರೆತಾಗ ಗೆಲುವು ನಮ್ಮದಾಗುತ್ತದೆ, ಸೋಲು ದೈವದ್ದಾಗುತ್ತದೆ. ಇದಕ್ಕಿಂತ ಅನುಕೂಲವಾದ ಹಂಚಿಕೆಯುಂಟೆ?

ಈ ಹದವನ್ನು ಫಿನ್ಲೆಂಡಿನವರೂ ರಷ್ಯದವರೂ ಕಂಡುಹಿಡಿದರೆಂದು ತಿಳಿಯಬೇಕಾಗಿಲ್ಲ. ಹುಣಸೆಬೀಜಗಳನ್ನು ಕಲ್ಲಿಗೆ ತೇಯ್ದು ಒಂದು ಮಗ್ಗುಲು ಬಿಳುಪುಮಾಡಿ, ಜಗಲಿಯ ಮೇಲೆ ಸುಣ್ಣದಿಂದ ಐದೈದರ ಇಪ್ಪತ್ತೈದು ಮನೆ ಗೀಚಿ, ಬಳೆಚೂರುಗಳನ್ನು ಕಾಯಿ ಮಾಡಿಕೊಂಡು ಚೌಕಾಬಾರ ಆಡಿದ ನಮ್ಮ ಅಜ್ಜಿಯರಿಗೆ ಅದು ಗೊತ್ತಿತ್ತು. ನಾಲ್ಕು ಬೀಜಗಳೂ ಬಿಳಿಯ ಮಗ್ಗುಲು ಮೇಲಾಗಿ ಬಿದ್ದರೆ ಚೌಕ, ಎಲ್ಲವೂ ಕವುಚಿ ಬಿದ್ದರೆ ಬಾರ. ಹಾಗೆ ಬಿದ್ದವರಿಗೆ ಮತ್ತೊಂದು ಸಲ ಎಸೆಯುವ ಭಾಗ್ಯ. ಅದು ಅಪರೂಪಕ್ಕೆ ಬೀಳುತ್ತದೆ. ಅಪರೂಪವಾದುದರಿಂದಲೇ ಪ್ರತಿ ಎಸೆತದಲ್ಲಿಯೂ ಅದರ ನಿರೀಕ್ಷೆ.

ಇಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ನೆನಪು ಬರುತ್ತದೆ. ಐದರ ಹರೆಯದಲ್ಲಿ, 1799ರಲ್ಲಿ, ಪಟ್ಟವೇರಿದ ಈ ಮಹಾರಾಜರಿಂದ ಇಂಗ್ಲಿಷರು 1831ರಲ್ಲಿ ರಾಜ್ಯದ ಆಡಳಿತವನ್ನು ಕಸಿದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಅವರ ಕೈಗೆ ಮರಳಲಿಲ್ಲ. ಆ ದೀರ್ಘವಾದ ವಿರಾಮದಲ್ಲಿ ಅವರು ಗ್ರಂಥಗಳನ್ನು ಬರೆಸಿದರು, ಕವಿಗಳನ್ನು ಸಾಕಿದರು. ಜೊತೆಗೆ ಆಟಗಳನ್ನು ರಚಿಸಿದರು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಗೆಗಳನ್ನು ಹೂಡಿದರು. ನೂರಕ್ಕೂ ಹೆಚ್ಚು ಎಲೆಗಳ ಇಸ್ಪೀಟಿನ ಕಟ್ಟುಗಳನ್ನು ಯೋಜಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಆಟಗಳ ಚಿತ್ರಗಳನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಅದ್ಭುತವಾದ ಬುದ್ಧಿ! ಆದರೆ ಇಂದು ಆ ಆಟಗಳನ್ನು ಬಲ್ಲವರು ಬೆರಳೆಣಿಕೆಯಷ್ಟು. ಹೆಸರಿಲ್ಲದ ಅಜ್ಜಿಯ ಚೌಕಾಬಾರ ಉಳಿಯಿತು, ಮಹಾರಾಜರ ಇಸ್ಪೀಟು ಕಪಾಟು ಸೇರಿತು. ಕಲಿಯಲು ಒಂದು ತಿಂಗಳು ಬೇಕಾಗುವ ಆಟವನ್ನು ಆಸ್ಥಾನದಲ್ಲಿ ಆಡಬಹುದೇ ಹೊರತು ಅನ್ನ ಬೇಯುವಷ್ಟರೊಳಗೆ ಆಡಲಾಗದು. ಆದರೂ ಆ ಗೋಡೆಯ ಮುಂದೆ ನಿಂತಾಗ, ರಾಜ್ಯ ಹೋದ ಅರಸನಿಗೆ ಈ ಚೌಕಗಳಾದರೂ ಮಾತು ಕೇಳುತ್ತಿದ್ದುವಲ್ಲ ಎನ್ನಿಸಿತು.

ಹಾಗೆ ಅನ್ನಿಸಲು ಕಾರಣವುಂಟು. 2011ರಿಂದ ಮೂರು ವರ್ಷ ನಾನು ನನ್ನ ಹೆಂಡತಿಯನ್ನು ವಾರಕ್ಕೆರಡು ಸಲ ಬೆಳಗಾವಿಗೆ ಡಯಾಲಿಸಿಸ್ಸಿಗೆ ಕರೆದುಕೊಂಡು ಹೋಗುತ್ತಿದ್ದೆ. ಹತ್ತರಗಿ, ವಂಟಮುರಿ ಘಾಟು, ಕಾಕತಿ. ಆ ದಾರಿಯ ತಿರುವುಗಳೆಲ್ಲ ಈಗಲೂ ಮೈಗೆ ಗೊತ್ತು. ಒಮ್ಮೆ ಮಂಚದ ಮೇಲೆ ಮಲಗಿದರೆ ನಾಲ್ಕು ತಾಸು ಏಳುವಂತಿಲ್ಲ. ಎಡಗೈಗೆ ಎರಡು ಸೂಜಿ. ಆ ಕೈಯನ್ನು ಕದಲಿಸುವಂತಿಲ್ಲ. ಆಕೆಯ ಬಲಗೈ ಮಾತ್ರ ಸ್ವತಂತ್ರವಾಗಿತ್ತು. ಆ ಕೈಯಲ್ಲಿ ನನ್ನ ಹಳೆಯ ಗುಂಡಿಯ ಫೋನು.

ಹಾವಿನ ಆಟವನ್ನು ಆಕೆಗೆ ಕಲಿಸಿದವರು ಯಾರೋ ನಾನರಿಯೆ; ಪಕ್ಕದ ಮಂಚದ ಹುಡುಗನಿರಬೇಕು. ಮೊದಮೊದಲು ನನಗೆ ಸ್ವಲ್ಪ ಬೇಸರವೇ ಆಯಿತು. ನಾನು ಓದಿ ಹೇಳಲೆಂದು ಪುಸ್ತಕ ಕೊಂಡೊಯ್ಯುತ್ತಿದ್ದೆ. ಆಕೆ ಎರಡು ಪುಟ ಮರ್ಯಾದೆಗಾಗಿ ಕೇಳಿ ಹೆಬ್ಬೆರಳನ್ನು ಗುಂಡಿಯ ಮೇಲಿಡುತ್ತಿದ್ದಳು. ಮೆಲ್ಲಗೆ ನನಗೆ ಅರ್ಥವಾಯಿತು. ಕುಡಿಯುವ ನೀರು ಅಳತೆಯದು. ಉಪ್ಪು ಬೇಡ, ಬಾಳೆಹಣ್ಣು ಬೇಡ. ಯಾವ ದಿನ ಬರಬೇಕು, ಎಷ್ಟು ಹೊತ್ತು ಮಲಗಬೇಕು, ಯಾವ ಗುಳಿಗೆ ನುಂಗಬೇಕು, ಎಲ್ಲವೂ ಇತರರ ಅಪ್ಪಣೆ. ಮನೆಯನ್ನೆಲ್ಲ ಮೂವತ್ತು ವರ್ಷ ಆಳಿದ ಹೆಣ್ಣಿಗೆ ಆಜ್ಞೆ ಮಾಡಲು ಉಳಿದದ್ದು ಅಂಗುಲದಷ್ಟು ಪರದೆಯ ಮೇಲಿನ ಆ ಹಾವೊಂದೇ. ಒಂದು ದಿನ ಹೊತ್ತು ಮುಗಿದು ನರ್ಸ್ ಸೂಜಿ ತೆಗೆಯಲು ಬಂದಳು. 'ಸಿಸ್ಟರ್, ಒಂದ ನಿಮಿಷ ತಡಿಯವಾ, ಹಾವು ಮೂಲ್ಯಾಗ ಸಿಕ್ಕೈತಿ' ಎಂದಳು ಈಕೆ. ಆ ನರ್ಸ್ ಮಹಾತಾಯಿ ನಿಜವಾಗಿಯೂ ನಿಂತಳು. ಹಾವು ಮೂಲೆಯಿಂದ ಪಾರಾಗಿ, ಎರಡು ಕಾಳು ತಿಂದು, ಸತ್ತಿತು. ಮೂವರೂ ನಕ್ಕೆವು. ಆ ಮೂರು ವರ್ಷಗಳಲ್ಲಿ ಆ ಕೋಣೆಯಲ್ಲಿ ಕೇಳಿದ ನಗೆಗಳನ್ನು ನಾನು ಎಣಿಸಬಲ್ಲೆ.

ಮನಃಶಾಸ್ತ್ರಜ್ಞರು ಇದಕ್ಕೊಂದು ಹೆಸರಿಟ್ಟಿದ್ದಾರೆ. ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಎಂಬ ಹಂಗೇರಿ ಮೂಲದ ವಿದ್ವಾಂಸ (ಈ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸುವುದೇ ಒಂದು ಆಟ) 1975ರಲ್ಲಿ ಬರೆದ ಗ್ರಂಥದಲ್ಲಿ, ನಮ್ಮ ಕೌಶಲವೂ ಎದುರಿನ ಕಷ್ಟವೂ ಸಮತೂಕವಾದಾಗ ಮನಸ್ಸು ತನ್ನನ್ನು ಮರೆತು ಹೊಳೆಯಂತೆ ಹರಿಯುತ್ತದೆಂದು ವಿವರಿಸಿದ. ಕಷ್ಟ ಹೆಚ್ಚಾದರೆ ಆತಂಕ, ಕಡಿಮೆಯಾದರೆ ಬೇಸರ. ಹಾವು ಉದ್ದವಾಗುತ್ತ ಹೋಗುವುದರ, ಟೆಟ್ರಿಸಿನ ಕಲ್ಲುಗಳು ಬರಬರುತ್ತ ವೇಗವಾಗಿ ಬೀಳುವುದರ ಮರ್ಮ ಇದೇ: ನಾವು ಕಲಿತಷ್ಟೂ ಆಟವೂ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಅದಕ್ಕೆ ಕೊನೆಯಿಲ್ಲ. 2023ರ ಡಿಸೆಂಬರಿನಲ್ಲಿ ಅಮೆರಿಕೆಯ 13 ವರ್ಷದ ಬಾಲಕನೊಬ್ಬ ಹಳೆಯ ನಿಂಟೆಂಡೊ ಯಂತ್ರದ ಟೆಟ್ರಿಸನ್ನು ಎಷ್ಟು ದೂರ ಆಡಿದನೆಂದರೆ ಆಟವೇ ದಿಕ್ಕುತಪ್ಪಿ ನಿಂತುಬಿಟ್ಟಿತು. ಆ ಆಟ ಹೊರಬಂದು ಮೂವತ್ತು ವರ್ಷಗಳ ಮೇಲಾಗಿತ್ತು.

ಇಷ್ಟರವರೆಗೆ ಹೇಳಿದ್ದು ಆಟದ ಗುಣ. ಇನ್ನು ಗಾಳದ ಮಾತು. ನೀರಿನಲ್ಲಿ ಎರಡೂ ಒಂದೇ ರೀತಿ ಹೊಳೆಯುತ್ತವೆ.

ಫರ್ಸ್ಟರ್ ಮತ್ತು ಸ್ಕಿನ್ನರ್ ಎಂಬ ಅಮೆರಿಕೆಯ ಇಬ್ಬರು ವಿಜ್ಞಾನಿಗಳು 1957ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಅವರ ಶಿಷ್ಯರು ಪಾರಿವಾಳಗಳು. ಗುಂಡಿಯನ್ನು ಕುಕ್ಕಿದರೆ ಕಾಳು. ಆದರೆ ಎಷ್ಟು ಸಲ ಕುಕ್ಕಿದರೆಂಬುದು ನಿಶ್ಚಿತವಲ್ಲ. ಒಮ್ಮೆ ಮೂರಕ್ಕೇ ಬೀಳುತ್ತದೆ, ಒಮ್ಮೆ ಎಪ್ಪತ್ತಕ್ಕೂ ಬೀಳುವುದಿಲ್ಲ. ಹೀಗೆ ಮಾಡಿದಾಗ ಪಾರಿವಾಳ ಎಡೆಬಿಡದೆ ಕುಕ್ಕುತ್ತದೆ. ಕಾಳು ನಿಂತುಹೋದ ಮೇಲೂ ಬಹಳ ಹೊತ್ತು ಬಿಡುವುದಿಲ್ಲ. 2012ರಲ್ಲಿ ಬಂದ ಕ್ಯಾಂಡಿ ಕ್ರಶ್ ಎಂಬ ಮಿಠಾಯಿಯಾಟದಲ್ಲಿ ಸೋತವನಿಗೆ ಐದು ಜೀವ. ಮುಗಿದ ಮೇಲೆ ಅರ್ಧ ತಾಸಿಗೊಂದರಂತೆ ಹುಟ್ಟುತ್ತವೆ. ಕಾಯಲಾರದವನು ದುಡ್ಡು ಕೊಟ್ಟು ಕೊಳ್ಳಬಹುದು. ಹಾವಿನ ಆಟ ಪುಕ್ಕಟೆಯಾಗಿ ಕೊಟ್ಟಿದ್ದ ಎರಡನೆಯ ಅವಕಾಶಕ್ಕೆ ಇಲ್ಲಿ ಅಂಗಡಿ ತೆರೆದಿದೆ. ಆದರೂ ನಾನು ಆ ಮಿಠಾಯಿಯನ್ನು ಕ್ಷಮಿಸಬಲ್ಲೆ. ವಿಯೆಟ್ನಾಮಿನ ಡಾಂಗ್ ಎನ್ಗುಯೆನ್ ಎಂಬ ತರುಣನ ಆತ್ಮಸಾಕ್ಷಿಯನ್ನು ಎಲ್ಲ ವ್ಯಾಪಾರಿಗಳಿಂದ ನಿರೀಕ್ಷಿಸಲಾಗುವುದೆ? ಅವನ 'ಫ್ಲಾಪಿ ಬರ್ಡ್' ಎಂಬ ಹಕ್ಕಿಯಾಟ ದಿನಕ್ಕೆ 50,000 ಡಾಲರ್ ತರುತ್ತಿದೆಯೆಂದು ಸುದ್ದಿಯಾಗಿತ್ತು. ಜನರಿಗೆ ಅದು ಚಟವಾಗಿಬಿಟ್ಟಿದೆಯೆಂದು 2014ರ ಫೆಬ್ರವರಿಯಲ್ಲಿ ಅವನೇ ಅದನ್ನು ಹಿಂತೆಗೆದುಕೊಂಡ.

ನಾನು ಕ್ಷಮಿಸಲಾರದ್ದು ಬೇರೆ. ನಮ್ಮ ಓಣಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ. ಒಳ್ಳೆಯ ಅಕ್ಷರದ ಹುಡುಗ. 2023ರಲ್ಲಿ ಒಂದು ರಾತ್ರಿ ಬಂದು ಜಗಲಿಯ ಮೇಲೆ ಕುಳಿತ. ಬಹಳ ಹೊತ್ತು ಮಾತಾಡಲಿಲ್ಲ. 'ಮಾಸ್ತರ್ರ, ಮೊದಲನೇ ದಿವಸ ನಾ ಏಳನೂರು ರೂಪಾಯಿ ಗೆದ್ದಿದ್ನಿರಿ' ಎಂದು ಆರಂಭಿಸಿದ. ಉಳಿದುದನ್ನು ನಾನು ಕೇಳಬೇಕಾಗಿಯೇ ಇರಲಿಲ್ಲ. ಎರಡೆಕರೆಯ ಕಬ್ಬಿನ ಹಣ ಅಪ್ಪನ ಖಾತೆಯಲ್ಲಿತ್ತು. ಅಪ್ಪನ ಫೋನು ಇವನ ಕೈಯಲ್ಲಿತ್ತು. ದಿನವೂ ಗೆಲುವು ಕೂದಲೆಳೆಯಷ್ಟು ಅಂತರದಲ್ಲಿ ತಪ್ಪುತ್ತಿತ್ತಂತೆ. ಆ ಕೂದಲೆಳೆಯನ್ನು ನಾನು ಬಲ್ಲೆ; ಹಾವಿನ ಆಟದ 'ಅರೆಗಳಿಗೆ'ಯೇ ಅದು. ಅಲ್ಲಿ ಅದು ಹೆಬ್ಬೆರಳನ್ನು ಮಾತ್ರ ದಣಿಸುತ್ತಿತ್ತು, ಇಲ್ಲಿ ಹೊಲವನ್ನೇ ನುಂಗಿತು. ಅವನ ತಂದೆಗೆ ವಿಷಯ ತಿಳಿಸಲು ನಾನೇ ಜೊತೆಗೆ ಹೋದೆ. ಆ ಮನುಷ್ಯ ಹೊಡೆಯಲಿಲ್ಲ, ಬೈಯಲಿಲ್ಲ; ಎದ್ದು ಹೋಗಿ ಎತ್ತುಗಳಿಗೆ ಮೇವು ಹಾಕಿ ಬಂದ. ಅದನ್ನು ನೋಡುವುದು ಹೊಡೆತಕ್ಕಿಂತ ಕಷ್ಟವಾಗಿತ್ತು.

ಹಣದ ಆಟಗಳನ್ನು ತಡೆಯಲು ಕರ್ನಾಟಕ ಸರಕಾರ 2021ರಲ್ಲಿ ಕಾಯಿದೆ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಥ ಆಟಗಳನ್ನು ದೇಶದಲ್ಲೆಲ್ಲ ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಈ ಹುಡುಗನ ಪಾಲಿಗೆ ಅದು ಎರಡು ವರ್ಷ ತಡ. ಈಗ ಅವನು ಸಂಕೇಶ್ವರದಲ್ಲಿ ಕೆಲಸ ಮಾಡಿ ತಿಂಗಳು ತಿಂಗಳೂ ಅಪ್ಪನಿಗೆ ತೀರಿಸುತ್ತಿದ್ದಾನೆ. ಕಿಸೆಯಲ್ಲಿರುವುದು ಗುಂಡಿಯ ಫೋನು.

ನನ್ನ ಅಕ್ಕನಿಗೆ ಈಗ ಎಪ್ಪತ್ತಾರು. 2020ರ ಲಾಕ್‌ಡೌನಿನಲ್ಲಿ ಪುಣೆಯ ಮೊಮ್ಮಗಳು ಆಕೆಗೆ ಫೋನಿನಲ್ಲಿ ಲೂಡೋ ಆಡುವುದನ್ನು ಕಲಿಸಿದಳು. ಲೂಡೋ ಎಂದರೆ ಮತ್ತೇನಲ್ಲ, ನಮ್ಮ ಪಗಡೆಯೇ. 19ನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ಹೋಗಿ, ಕವಡೆ ಬಿಟ್ಟು ದಾಳ ಹಿಡಿದು, ಹೆಸರು ಬದಲಿಸಿಕೊಂಡು ಮರಳಿ ಬಂದದ್ದು. ಬಾಗಿಲುಗಳೆಲ್ಲ ಮುಚ್ಚಿದ್ದ ಆ ತಿಂಗಳುಗಳಲ್ಲಿ ರಾತ್ರಿ ಒಂಬತ್ತಕ್ಕೆ ಅಜ್ಜಿ ಮೊಮ್ಮಗಳ ಪಂದ್ಯ ತಪ್ಪುತ್ತಿರಲಿಲ್ಲ. 'ಆಯಿ, ಆರಾಮ ಅದೀ?' ಎಂದು ಕೇಳಿದರೆ ಎರಡು ನಿಮಿಷದಲ್ಲಿ ಮಾತು ಮುಗಿಯುತ್ತದೆ. ಕಾಯಿ ನಡೆಸುತ್ತ ಕುಳಿತರೆ ಒಂದು ತಾಸು ಜೊತೆಗಿರಬಹುದು. ಆದರೆ ಅಕ್ಕನಿಗೆ ಯಂತ್ರದ ದಾಳದ ಮೇಲೆ ವಿಶ್ವಾಸ ಹುಟ್ಟಲೇ ಇಲ್ಲ. 'ಅದಕ್ಕ ಕೈಗುಣ ಇಲ್ಲೋ ತಮ್ಮಾ, ಒಳಗ ಯಾರೋ ಕುಂತು ಒಗಿತಾರ' ಎಂಬುದು ಆಕೆಯ ಸಂಶಯ.

ಕಳೆದ ಪಂಚಮಿಗೆ ಮೊಮ್ಮಗಳು ಊರಿಗೆ ಬಂದಳು. ಅಕ್ಕ ಡಬ್ಬಿಯಿಂದ ಹುಣಸೆಬೀಜ ತೆಗೆದಳು, ಜಗಲಿಯ ಮೇಲೆ ಸುಣ್ಣದ ಗೆರೆ ಬಿದ್ದುವು. ನಾಲ್ಕನೆಯ ಕೈ ಬೇಕಾಗಿತ್ತು. ಹಾದಿಯಲ್ಲಿ ಹೊರಟಿದ್ದ ನನ್ನ ಶಿಷ್ಯನನ್ನು ಆಕೆಯೇ ಕೂಗಿ ಕರೆದಳು. ಅವನು ಹಿಂಜರಿದು, 'ನಾ ಆಟ ಬಿಟ್ಟೀನ್ರಿ ಆಯಿ' ಎಂದ. 'ರೊಕ್ಕದ ಆಟ ಬಿಟ್ಟಿ, ಉಂಡಿ ಬಿಟ್ಟಿಲ್ಲಲ್ಲಾ? ಕುಂದರು' ಎಂದಳು ಅಕ್ಕ. ಪಣ ಶೇಂಗಾದ ಉಂಡಿಯೆಂದು ನಿಶ್ಚಯವಾಯಿತು. ಮೊದಲ ಆಟದಲ್ಲಿ ಅವನ ಕೈ ನಡುಗುತ್ತಿದ್ದುದನ್ನು ನಾನು ಕಂಡೆ. ಮೂರನೆಯದರಲ್ಲಿ ಅಕ್ಕನ ಕಾಯಿ ಹೊಡೆಯಲು ಮೊಳಕಾಲೂರಿ ನಿಂತಿದ್ದ. ನಡುವೆ ಅಕ್ಕ ಒಂದು ಬೀಜವನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿರುವಿದಂತೆ ನನಗೆ ತೋರಿತು. ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಾದೆ.

ರಾತ್ರಿ ಹತ್ತು ಹೊಡೆಯುವ ಹೊತ್ತಿಗೆ ಅವನು ಹನ್ನೊಂದು ಉಂಡಿಗಳ ಬಾಕಿದಾರನಾಗಿದ್ದ. ಅಕ್ಕ ಲೆಕ್ಕವನ್ನು ಗೋಡೆಯ ಮೇಲೆ ಸುಣ್ಣದಿಂದ ಗೀಟು ಹಾಕಿಟ್ಟಿದ್ದಾಳೆ. ಉಂಡಿ ಇನ್ನೂ ಬಂದಿಲ್ಲ. ಗೋಡೆ ಒರೆಸಲು ಆಕೆ ಯಾರಿಗೂ ಬಿಟ್ಟಿಲ್ಲ.